ಔರಾದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರು

ಯಾರಾದರೂ ತಾವು ಕಂಡ ವಿಚಿತ್ರವನ್ನು ಹೇಳಲು ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದುದು, "ಆಗ ನಿಮಗ ಜ್ವರ ಇತ್ತೇನ್ರಿ?" ಎಂದು. ಇರಲಿಲ್ಲವೆಂದರೆ, ಹೊಟ್ಟೆಗೆ ಏನಾದರೂ ತಿಂದಿದ್ದಿರೋ ಇಲ್ಲವೋ ಎಂದು ಕೇಳುತ್ತಿದ್ದೆ. ಬೀದರಿನ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕನಾಗಿ ತಂತಿ, ಮೀಟರುಗಳ ನಡುವೆಯೇ ವಯಸ್ಸು ಕಳೆದವನು ನಾನು. ಎಂಥ ವಿಚಿತ್ರದ ಹಿಂದೆಯೂ ಎಲ್ಲೋ ಒಂದು ಸಡಿಲಾದ ತಂತಿ ಇರುತ್ತದೆ, ಹುಡುಕುವ ತಾಳ್ಮೆ ಇರಬೇಕು ಅಷ್ಟೇ ಎಂದು ನಂಬಿದ್ದೆ. ಈಗ ನನ್ನದೇ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನನಗೆ ಜ್ವರ ಇರಲಿಲ್ಲ. ಹೊಟ್ಟೆ ತುಂಬ ತಿಂದಿದ್ದೆ. ಹೊತ್ತು ಹಗಲು, ಅದೂ ನಮ್ಮ ಕಡೆಯ ಬೇಸಿಗೆಯ ಹಗಲು. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಇದನ್ನು ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನನಗೊಂದು ಹುಚ್ಚಿದೆ. ಕೆಲಸ ಮುಗಿಸಿ ನೌಬಾದಿನ ಮನೆಗೆ ಬಂದ ಮೇಲೆ ಯಾರಿಗೂ ಬೇಡದ ವೆಬ್‌ಸೈಟುಗಳನ್ನು ಮಾಡುತ್ತ ಕೂಡುವುದು. ಕನ್ನಡ ಅಂಕಿಗಳಲ್ಲಿ ಹೊತ್ತು ತೋರಿಸುವ ಗಡಿಯಾರ ಒಂದು. ಭಾಲ್ಕಿಗೆ ಬರುವ ರೈಲು ಇವತ್ತು ಎಷ್ಟು ತಡ ಎಂದು ಹೇಳುವ ಪುಟ ಇನ್ನೊಂದು. ಸ್ಟೇಷನ್ ಎದುರಿನ ಚಹಾದಂಗಡಿಯ ಗೆಳೆಯ ಫೋನ್ ಮಾಡಿ ತಿಳಿಸಿದರೆ ನಾನು ಅದನ್ನು ತಿದ್ದುತ್ತಿದ್ದೆ, ಹೀಗಾಗಿ ರೈಲಿಗಿಂತ ನನ್ನ ಪುಟವೇ ತಡವಾಗುತ್ತಿತ್ತು. ನನ್ನ ಹೆಂಡತಿ ಹಿಂದೆ ಬಂದು ನಿಂತು, "ಇದರಾಗ ಒಂದು ಕೊಡ ನೀರು ಬರ್ತದೇನ್ರಿ?" ಎಂದು ಕೇಳುತ್ತಿದ್ದಳು. ಬರಗಾಲದ ವರ್ಷ ಅದು. ಕೊಡದ ಮಾತು ಬಾರದೆ ಯಾರ ಮನೆಯಲ್ಲೂ ಜಗಳ ಶುರುವಾಗುತ್ತಿರಲಿಲ್ಲ.

ಔರಾದ ಬಸ್‌ಸ್ಟ್ಯಾಂಡಿನ ಎದುರು ಇಸ್ಮಾಯಿಲನ ಮೊಬೈಲ್ ಅಂಗಡಿ ಇದೆ. ಭಾಲ್ಕಿಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನಲ್ಲಿ ಗಾಜು ಒಡೆದು ಮೂಲೆಗೆ ಬಿದ್ದಿದ್ದ ಒಂದು ಫೋನನ್ನು ಅಂಗಡಿಯ ಬೋರ್ಡಿನ ಕೆಳಗೆ ಬಿಗಿದು, ಚಾರ್ಜರ್ ಸಿಕ್ಕಿಸಿ, ನಿಮಿಷಕ್ಕೊಂದು ಚಿತ್ರ ತೆಗೆದು ನನ್ನ ಪುಟಕ್ಕೆ ಕಳಿಸುವ ಹಾಗೆ ಮಾಡಿದೆ. ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ಬಸ್ ಬಂದಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಕೂತು ನೋಡಬಹುದಲ್ಲ ಎಂಬುದು ನನ್ನ ಲೆಕ್ಕ. ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಕ್ಕ ಜಾಗವಾದ್ದರಿಂದ ಪುಟದಲ್ಲಿ ಒಂದೇ ಚಿತ್ರಕ್ಕೆ ಎಡೆ ಇಟ್ಟಿದ್ದೆ. ಹೊಸದು ಬಂದಕೂಡಲೇ ಹಳೆಯದು ಅಳಿಸಿಹೋಗುತ್ತಿತ್ತು. ಚಿತ್ರದಲ್ಲಿ ಕಾಣುತ್ತಿದ್ದುದು ಬಸ್ಸುಗಳು ತಿರುಗುವ ಬಯಲು, ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಇಷ್ಟೇ.

ಆ ವರ್ಷ ನಮ್ಮ ಕಡೆಯ ಜನ ಹೈದರಾಬಾದಿಗೆ, ಪುಣೆಗೆ ಗುಳೆ ಹೋದರು. ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಹೋದವರೇ ಹೆಚ್ಚು. ಹೊರಡುವ ಮುಂಚೆ ರೀಚಾರ್ಜಿಗೆ ಬಂದವರಿಗೆ ಇಸ್ಮಾಯಿಲ್ ನನ್ನ ಪುಟ ತೋರಿಸಿ, "ಅಲ್ಲಿ ಕುಂತು ನಮ್ಮ ಸ್ಟ್ಯಾಂಡ್ ನೋಡ್ರಿ" ಎಂದು ಹೇಳುತ್ತಿದ್ದ. ಅದರಿಂದ ಒಂದು ಪದ್ಧತಿಯೇ ಹುಟ್ಟಿಕೊಂಡಿತು. ಸಂತೆಗೆ ಬಂದ ಅಜ್ಜಿಯರು ಮೊಮ್ಮಕ್ಕಳನ್ನು ಆ ಕಟ್ಟೆಯ ಮೇಲೆ ನಿಲ್ಲಿಸಿ, ಅಂಗಡಿಯ ಕಡೆಗೆ ಮುಖ ಮಾಡಿಸಿ, ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದರು. ಹೈದರಾಬಾದಿನಲ್ಲಿ ಅವರ ತಾಯಿತಂದೆ ಯಾರದಾದರೂ ಫೋನಿನಲ್ಲಿ ನೋಡುತ್ತಿದ್ದರು. ಊರಿಗೆ ಹೊರಟು ಬಂದವರು ಕೂಡ ಬಸ್ಸಿಳಿದು ಮೊದಲು ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಹಳ್ಳಿಯ ದಾರಿ ಹಿಡಿಯುತ್ತಿದ್ದರು. ಸುಖವಾಗಿ ಮುಟ್ಟಿದರು ಎಂದು ಅಲ್ಲಿ ಉಳಿದವರಿಗೆ ಅದರಿಂದ ಗೊತ್ತಾಗುತ್ತಿತ್ತು. 'ಮಾರಿ ತೋರಸೋದು', ಅಂದರೆ ಮುಖ ತೋರಿಸುವುದು, ಎಂದು ಅದಕ್ಕೆ ಹೆಸರೂ ಬಿತ್ತು. ನನಗಂತೂ ಹಿಗ್ಗೋ ಹಿಗ್ಗು. ನಾನು ಮಾಡಿದ್ದೊಂದು ಯಾರಿಗೋ ಬೇಕಾದದ್ದು ಅದೇ ಮೊದಲು.

ಚಿತ್ರ ಬಾರದಿದ್ದರೆ ತಿಳಿಸಲಿ ಎಂದು ಪುಟದ ಕೆಳಗೆ ನನ್ನ ಫೋನ್ ನಂಬರ್ ಹಾಕಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅದಕ್ಕೆ ಕರೆ ಬಂತು. ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು, ಮುಂದೆ ಒಬ್ಬ ಹೆಣ್ಣುಮಗಳ ದನಿ.

"ಸರ, ಔರಾದ ಸ್ಟ್ಯಾಂಡ್ ತೋರಸೋರು ನೀವೇನ್ರಿ? ಆ ಕಟ್ಟಿ ಮ್ಯಾಲ ನಮ್ಮ ಮನಿಯವರು ಕುಂತಾರ್ರಿ. ಮುಂಜಾನಿಂದ ನೋಡ್ಲತ್ತೀನಿ, ಏಳವಲ್ಲರು. ಯಾರರೆ ಹೋಗಿ ಸ್ವಲ್ಪ ಮಾತಾಡ್ಸರಿ."

ಆಕೆಯ ಹೆಸರು ಶಾಂತಾಬಾಯಿ. ಔರಾದಿನ ಹತ್ತಿರದ ಹಳ್ಳಿಯವಳು. ಗಂಡ ಮಾಣಿಕಪ್ಪನ ಜೊತೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಜ್ಜಿಯ ಬಳಿ ಬಿಟ್ಟಿದ್ದ ಮಗಳನ್ನು ನೋಡಿ ಬರುತ್ತೇನೆಂದು ಮಾಣಿಕಪ್ಪ ಊರಿಗೆ ಹೊರಟವನು ಊರು ಮುಟ್ಟಿರಲಿಲ್ಲ. ಕಟ್ಟೆಯ ಮೇಲೆ ಮಾರಿಯನ್ನೂ ತೋರಿಸಿರಲಿಲ್ಲ. ಫೋನ್ ಬಂದ್. ತಿಂಗಳ ಮೇಲಾಗಿತ್ತು. ಪೊಲೀಸರಿಗೆ ಅಲ್ಲೂ ಹೇಳಿದ್ದರು, ಇಲ್ಲೂ ಹೇಳಿದ್ದರು. ಬರ್ತಾನೆ ಹೋಗು ಎಂದಷ್ಟೇ ಉತ್ತರ. ಅಂದಿನಿಂದ ಈಕೆ ಚಹಾದ ಬಿಡುವಿನಲ್ಲಿ, ಊಟದ ಬಿಡುವಿನಲ್ಲಿ ಮೇಸ್ತ್ರಿಯ ಹೆಂಡತಿಯ ಫೋನ್ ಇಸಿದುಕೊಂಡು ನನ್ನ ಪುಟ ನೋಡುತ್ತ ಕೂಡುತ್ತಿದ್ದಳು.

ನಾನು ಪುಟ ತೆರೆದೆ. ಕಟ್ಟೆಯ ಮೇಲೆ ಒಬ್ಬರು ಕೂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ತೊಡೆಯ ಮೇಲೆ ಚೀಲ. ಮಾರಿ ತೋರಿಸಲು ಕೂಡುವವರ ಹಾಗೆ ನೆಟ್ಟಗೆ ಅಂಗಡಿಯ ಕಡೆಗೇ ಮುಖ. ನನಗೆ ಸಂತೋಷವಾಯಿತು. ಮನುಷ್ಯ ಸಿಕ್ಕಿದನಲ್ಲ ಎಂದುಕೊಂಡು ಇಸ್ಮಾಯಿಲನಿಗೆ ಫೋನ್ ಮಾಡಿದೆ.

"ಕಟ್ಟಿ ಖಾಲಿ ಅದ ದೋಸ್ತ," ಎಂದ ಇಸ್ಮಾಯಿಲ್. "ಈ ಬಿಸಲಾಗ ನಾಯಿ ಸೈತ ಕೂಡಂಗಿಲ್ಲ ಅಲ್ಲಿ."

ಇದಕ್ಕೆ ಕಾರಣ ನನಗೆ ತಕ್ಷಣ ಹೊಳೆಯಿತು. ಕಂಪ್ಯೂಟರುಗಳಿಗೆ ಒಂದು ಸೋಮಾರಿತನವಿದೆ. ಒಮ್ಮೆ ತಂದ ಚಿತ್ರವನ್ನು ಬಚ್ಚಿಟ್ಟುಕೊಂಡು, ಮತ್ತೆ ಕೇಳಿದಾಗ ಹೊಸದನ್ನು ತರದೆ ಹಳೆಯದನ್ನೇ ತೋರಿಸಿಬಿಡುತ್ತವೆ. ಎಂದೋ ಕೂತಿದ್ದ ಚಿತ್ರ ಇದು ಎಂದುಕೊಂಡೆ. ಬಚ್ಚಿಟ್ಟದ್ದನ್ನೆಲ್ಲ ಅಳಿಸಿ ಮತ್ತೆ ತೆರೆದೆ. ಹಿಂದಿನ ಬಸ್ಸು ಹೋಗಿ ಬೇರೆ ಬಸ್ಸು ಬಂದಿತ್ತು. ಅವರು ಕೂತೇ ಇದ್ದರು. ಕಟ್ಟೆಯ ಹತ್ತಿರ ಹೋಗಿ ನಿಲ್ಲು ಎಂದು ಇಸ್ಮಾಯಿಲನಿಗೆ ಹೇಳಿದೆ. ಅವನು ಗೊಣಗುತ್ತ ರಸ್ತೆ ದಾಟಿ ಹೋಗಿ, "ನಿಂತೀನಿ ನೋಡು, ಏನದ ಇಲ್ಲಿ?" ಎಂದ. ಅಷ್ಟರಲ್ಲಿ ಹೊಸ ಚಿತ್ರ ಬಂತು. ಇಸ್ಮಾಯಿಲ್ ಒಂದು ಕೈ ಎತ್ತಿ ನಿಂತಿದ್ದ. ಅವನ ಕಾಲು ಕೂತವರ ಮೊಣಕಾಲಿಗೆ ತಾಗುವಂತಿತ್ತು. ಅವರು ಅವನತ್ತ ನೋಡದೆ ಅಂಗಡಿಯ ಕಡೆಗೇ ನೋಡುತ್ತಿದ್ದರು.

ಇಸ್ಮಾಯಿಲನಿಗೆ ಏನೂ ಹೇಳದೆ ಫೋನ್ ಇಟ್ಟೆ. ಹೆಂಡತಿ ಬಡಿಸಿದ್ದನ್ನು ಉಂಡು ಔರಾದಿನ ಬಸ್ ಹತ್ತಿದೆ. ನೀವು ಕೇಳಬಹುದು, ಆ ಚಿತ್ರವನ್ನು ಯಾಕೆ ತೆಗೆದಿಟ್ಟುಕೊಳ್ಳಲಿಲ್ಲ ಎಂದು. ಹೊಳೆಯಲೇ ಇಲ್ಲ. ಕಂಡ ಕಸವನ್ನೆಲ್ಲ ಕೂಡಿಡುವವನು ನಾನು, ಆ ಮುಖ ನೋಡುತ್ತ ನನಗೆ ಇದೊಂದು ಚಿತ್ರ ಎಂಬುದೇ ಮರೆತುಹೋಗಿತ್ತು. ದಾರಿಯುದ್ದಕ್ಕೂ ನೆಟ್‌ವರ್ಕ್ ಬರುತ್ತ ಹೋಗುತ್ತ ಇತ್ತು. ಬಂದಾಗಲೆಲ್ಲ ಪುಟ ತೆರೆದು ನೋಡುತ್ತಿದ್ದೆ. ಎದ್ದುಹೋಗಿರಲಿ ಎಂದು ಒಂದು ಮನಸ್ಸು, ನಾನು ಮುಟ್ಟುವವರೆಗೆ ಕೂತಿರಲಿ ಎಂದು ಇನ್ನೊಂದು.

ಔರಾದಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಕಟ್ಟೆ ನಿಜವಾಗಿಯೂ ಖಾಲಿ. ಒಣಗಿದ ಬೇವಿನೆಲೆ ಬಿದ್ದಿದ್ದವು, ಅಷ್ಟೇ. ಶಾಂತಾಬಾಯಿಗೆ ಫೋನ್ ಮಾಡಿದೆ. ಆಕೆ ಮೇಸ್ತ್ರಿಯ ಹೆಂಡತಿಯ ಫೋನಿನಲ್ಲಿ ಪುಟ ನೋಡುತ್ತಲೇ ಇದ್ದಳು.

"ನೀವು ನೀಲಿ ಅಂಗಿ ಹಾಕ್ಕೊಂಡೋರೇನ್ರಿ? ಅಲ್ಲೇ ನಿಂದರ್ರಿ ಸರ. ನಿಮ್ಮ ಬಾಜೂಕೇ ಕುಂತಾರ. ಈಗ ನಿಮ್ಮನ್ನೇ ನೋಡ್ಲತ್ತಾರ."

ಪಕ್ಕಕ್ಕೆ ತಿರುಗಿದೆ. ಕಲ್ಲು. ಆಕೆಗೆ ಏನು ಹೇಳಲಿ? ಇಲ್ಲಿ ಯಾರೂ ಇಲ್ಲ ತಾಯಿ ಎನ್ನಲು ನಾಲಿಗೆ ಏಳಲಿಲ್ಲ. ಇದ್ದಾರೆ ಎನ್ನಲು ಕಣ್ಣು ಒಪ್ಪಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಹಿಂದೆಂದೂ ನಿಂತಿರಲಿಲ್ಲ.

"ಯಾಕ ಕುಂತಾರ ಕೇಳ್ರಿ ಸರ," ಎಂದಳು.

ಕೇಳಿದೆ. ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ನೋಡುತ್ತಿರುವಾಗ, ಖಾಲಿ ಕಟ್ಟೆಯತ್ತ ಬಗ್ಗಿ, "ಮಾಣಿಕಪ್ಪನವರ, ನಿಮ್ಮ ಮನಿಯವರು ಕೇಳ್ಲತ್ತಾರ, ಯಾಕ ಕುಂತೀರಿ?" ಎಂದು ಕೇಳಿದೆ. ನಾಚಿಕೆಯಾಗಲಿಲ್ಲ. ಉತ್ತರ ಬಂದರೆ ಏನು ಮಾಡಲಿ ಎಂಬ ಹೆದರಿಕೆ ಮಾತ್ರ ಇತ್ತು. ಉತ್ತರ ಬರಲಿಲ್ಲ. ಆಗ ಆಕೆ, "ಫೋನ್ ಅವರ ಬಾಜೂಕ ಇಡ್ರಿ, ನಾನೇ ಮಾತಾಡ್ತೀನಿ" ಎಂದಳು. ಸ್ಪೀಕರ್ ಹಾಕಿ, ಫೋನನ್ನು ಕಟ್ಟೆಯ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದೆ.

"ಏನ್ರಿ," ಎಂದಳು ಶಾಂತಾಬಾಯಿ. "ಯಾಕ ಬಿಸಲಾಗ ಕುಂತೀರಿ? ಇಲ್ಲಿಗಿ ಬರಾದು ಬ್ಯಾಡ. ಮನಿಗಿ ಹೋಗ್ರಿ, ಟಂಟಂ ಆಟೋ ಸಿಗ್ತಾವ. ಪೋರಿ ನಿಮ್ಮ ಹೆಸರು ತಗೊಂಡು ಅಳ್ಲತ್ತಾಳಂತ. ಒಮ್ಮೆ ಹೋಗಿ ಆಕಿಗಿ ಮಾರಿ ತೋರ್ಸರಿ ಸಾಕು. ನಾ ಹಿಂದಿಂದ ಬರ್ತೀನಿ. ಸಿಟ್ಟಿಲ್ಲ ನಂಗ. ಹೋಗ್ರಿ."

ಇಸ್ಮಾಯಿಲ್ ತನ್ನ ಫೋನ್ ಹಿಡಿದುಕೊಂಡು ರಸ್ತೆ ದಾಟಿ ಓಡಿಬಂದ. ಪುಟ ತೆರೆದಿತ್ತು. ಚಿತ್ರದಲ್ಲಿ ನಾನು ನೀಲಿ ಅಂಗಿಯಲ್ಲಿ ಪೆಚ್ಚಾಗಿ ನಿಂತಿದ್ದೆ. ಕಟ್ಟೆಯ ಮೇಲೆ ನನ್ನ ಫೋನ್ ಇತ್ತು. ಅದರ ಪಕ್ಕದಲ್ಲಿ ಅವರು. ಈ ಸಲ ಅಂಗಡಿಯ ಕಡೆಗೆ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಫೋನನ್ನು ನೋಡುತ್ತಿದ್ದರು. ಹಳೆಯ ಚಿತ್ರ ಎನ್ನೋಣವೆಂದರೆ ಅದರಲ್ಲಿ ನಾನೇ ಇದ್ದೆ.

ಅಷ್ಟರಲ್ಲಿ ಭಾಲ್ಕಿಯ ಬಸ್ ಬಂದು ನಿಂತು ಜನ ನುಗ್ಗಿದರು. ಫೋನಿನಿಂದ ಶಾಂತಾಬಾಯಿಯ ದನಿ ಬಂತು: "ಎದ್ದಾರ್ರಿ ಸರ! ಎದ್ದು ನಿಂತಾರ!" ಇಸ್ಮಾಯಿಲನ ಕೈಯಲ್ಲಿ ಹೊಸ ಚಿತ್ರ ಇಳಿಯಿತು. ಚೀಲ ಹೆಗಲಿಗೇರಿಸಿ, ನಮಗೆ ಬೆನ್ನು ಮಾಡಿ ನಿಂತಿದ್ದರು. ಅದರ ಮುಂದಿನ ಚಿತ್ರದಲ್ಲಿ ನಾವಿಬ್ಬರೇ ಇದ್ದೆವು, ಒಂದೇ ಫೋನಿನ ಮೇಲೆ ಬಗ್ಗಿದವರು. ನಾನು ಓಡಿಹೋಗಿ, ಹೊರಟಿದ್ದ ಬಸ್ಸಿನ ಬದಿ ಬಡಿದು ನಿಲ್ಲಿಸಿದೆ. ಒಳಗೆ ಹತ್ತಿ ಒಂದೊಂದೇ ಸೀಟು ನೋಡಿದೆ. "ಏನ್ ಕಳಕೊಂಡೀರಿ?" ಎಂದು ಕಂಡಕ್ಟರ್ ಗದರಿಸಿದ. ಇಳಿದು ಬಂದೆ.

ಇಸ್ಮಾಯಿಲನ ಗಾಡಿಯ ಮೇಲೆ ಅವರ ಹಳ್ಳಿಗೂ ಹೋದೆವು. ಹೆಂಡತಿಯ ಮಾತು ಕೇಳಿ ಮನೆಗೇ ಹೋಗಿರಬಹುದು ಎಂದು ಹುಚ್ಚು ಮನಸ್ಸು ಹೇಳುತ್ತಿತ್ತು. ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಗಡಿಗೆಯ ತಳ ಕೆರೆದು ಅರ್ಧ ಲೋಟ ನೀರು ಕೊಟ್ಟಳು, ನಾವಿಬ್ಬರೂ ಅದನ್ನೇ ಹಂಚಿಕೊಂಡು ಕುಡಿದೆವು. ಯಾರೂ ಬಂದಿರಲಿಲ್ಲ. ಬಾಗಿಲಲ್ಲಿ ಪುಟ್ಟ ಹುಡುಗಿ ನಿಂತಿದ್ದಳು. ನಮ್ಮನ್ನು ನೋಡಲಿಲ್ಲ. ನಮ್ಮ ಹಿಂದೆ ಗಾಡಿಯಿಂದ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ನೋಡುತ್ತಿದ್ದಳು. ಇವತ್ತಿಗೂ ಆ ಸಂಗತಿ ಎತ್ತಿದರೆ ಇಸ್ಮಾಯಿಲ್ ಎದ್ದು ಅಂಗಡಿಯ ಒಳಗೆ ಹೋಗುತ್ತಾನೆ.

ಆಮೇಲೆ ಅವರು ಚಿತ್ರದಲ್ಲಿ ಮತ್ತೆ ಕಾಣಲಿಲ್ಲ. ಬೇರೆಲ್ಲೂ ಕಾಣಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಬೋರ್ಡಿನ ಕೆಳಗಿನ ಫೋನ್ ನೀರು ಕುಡಿದು ಸತ್ತಿತು. ನಾನು ಇನ್ನೊಂದನ್ನು ಕಟ್ಟಲಿಲ್ಲ. ಕಾರಣ ಹುಡುಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಪುಟದ ಒಂದೊಂದು ಸಾಲನ್ನೂ ಓದಿದೆ, ತಿಳಿದವರಿಗೆ ತೋರಿಸಿದೆ. ಎಲ್ಲವೂ ಸರಿಯಾಗಿತ್ತು. ಸಡಿಲಾದ ತಂತಿ ಯಾವುದೂ ಸಿಗಲಿಲ್ಲ.

ಒಂದೆರಡು ವರ್ಷಗಳ ಮೇಲೆ ಶಾಂತಾಬಾಯಿ ನೌಬಾದಿನ ನಮ್ಮ ಮನೆ ಹುಡುಕಿಕೊಂಡು ಬಂದಳು. ಕಂಡದ್ದು ಅದೇ ಮೊದಲು. ಫೋನಿನ ದನಿ ಕೇಳಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು. ನನ್ನ ಹೆಂಡತಿ ಚಹಾ ಕೊಟ್ಟಳು, ಪಕ್ಕದಲ್ಲಿ ಕೂತಳು. ಗಂಡ ಇದ್ದಾನೋ ಇಲ್ಲವೋ ಎಂದು ಆಕೆ ಕೇಳುತ್ತಾಳೆ, ಏನು ಹೇಳಲಿ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಆಕೆ ಅದನ್ನು ಕೇಳಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, "ಆವತ್ತ ನೀವು ಅವರ ಬಾಜೂಕೇ ನಿಂತಿದ್ರಿ ಸರ," ಎಂದಳು. "ಅವರು ನನ್ನ ಮಾತು ಕೇಳಿ ಎದ್ರೇನ್ರಿ, ಬಸ್ ಬಂತಂತ ಎದ್ರೇನ್ರಿ?"

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದವನು ನಾನು. ಆಕೆ ನನ್ನ ಮುಖವನ್ನೇ ನೋಡುತ್ತ ಕಾದಳು. ಹೆಂಡತಿಯೂ ನನ್ನ ಮುಖವನ್ನೇ ನೋಡುತ್ತಿದ್ದಳು.