ಅಕ್ಕನ ಮಗಳ ಕಾಲುಗಳು

ಕಾರ್ಕಳದ ಅಕ್ಕನ ಮನೆಯಲ್ಲಿ ಮಗುವಿಗೆ ಫಾಸ್ಫೇಟ್ ಔಷಧ ಕುಡಿಸುವಾಗ ಒಂದು ಹನಿ ನನ್ನ ಬೆರಳಿಗೆ ಬಿತ್ತು. ನೆಕ್ಕಿ ನೋಡಿದೆ. ಅದೇ ಉಪ್ಪು. ನಾನು ಇದನ್ನು ಮೊದಲು ಕುಡಿದದ್ದು ಹದಿನಾರನೇ ವಯಸ್ಸಿನಲ್ಲಿ. ಅಕ್ಕನ ಮಗಳು ಹಲ್ಲು ಬರುವ ಮೊದಲೇ. ಎರಡು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚುಪಡುವವರನ್ನು ನೀವು ನೋಡಿರಲಿಕ್ಕಿಲ್ಲ. ನಾನಿದ್ದೇನೆ.

ಕಾಪುವಿನಲ್ಲಿ ನನ್ನ ಬಾಲ್ಯದ ಬೆಳಗುಗಳೆಲ್ಲ ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿಲಿನಲ್ಲಿ ಕುಳಿತೇ ಕಳೆದವು. ಬಾಗಿದ ಕಾಲಿಗೆ ಕ್ಯಾಲ್ಸಿಯಂ ಮಾತ್ರೆ, ಮೀನಿನ ಸಾರು, ಮತ್ತೆ ಬಿಸಿಲು. ಪಕ್ಕದ ಮನೆಯ ಹೆಂಗಸು ಒಮ್ಮೆ ಅಮ್ಮನಿಗೆ, “ಯಾವಾಗಲೂ ಸೊಂಟದಲ್ಲಿ ಕೂರಿಸಿಕೊಂಡರೆ ಕಾಲು ಮತ್ತೆ ಹೇಗೆ ಇರ್ತದೆ?” ಎಂದರು. ಅಂದಿನಿಂದ ಅಮ್ಮ ನನ್ನನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ ಮಣಿಪಾಲದ ವೈದ್ಯೆಯೊಬ್ಬರು ರಕ್ತದ ಫಾಸ್ಫರಸ್ ನೋಡಿಸಿದರು. ಎಲುಬಿಗೆ ಬೇಕಾದದ್ದು ಮೂತ್ರದಲ್ಲಿ ಸೋರಿಹೋಗುವ ಅಪರೂಪದ ಕಾಯಿಲೆ. ಅಮ್ಮನಿಂದ ನಮ್ಮಿಬ್ಬರಿಗೂ ಬಂದಿತ್ತು. ಅಕ್ಕ ಗಿಡ್ಡವಾಗಿ ಉಳಿದಳು, ಅಷ್ಟೆ. ನನ್ನ ಎಲುಬನ್ನು ಕೊಯ್ದು ನೇರ ಮಾಡಬೇಕಾಯಿತು.

ಹಾಗಾಗಿ ಮಗುವಿನ ನಾಮಕರಣದ ದಿನವೇ, ಪರೀಕ್ಷೆ ಮಾಡಿಸು ಎಂದೆ. ಅಕ್ಕ ಮುಂದೂಡಿದಳು. ಆರು ತಿಂಗಳಲ್ಲಿ ಮಾಡಿಸಿದಾಗ ವರದಿ ‘ನಾರ್ಮಲ್’ ಎಂದಿತು.

“ನೋಡು, ಸರಿ ಉಂಟು,” ಎಂದರು ಅಕ್ಕನ ಅತ್ತೆ. “ನಿನಗೆ ಆಯ್ತು ಅಂತ ಎಲ್ಲರಿಗೂ ಆಗ್ಬೇಕಾ ಮಾರಾಯ್ತಿ?”

ವರದಿಯಲ್ಲಿ ಅಚ್ಚಾಗಿದ್ದ ಮಿತಿ ದೊಡ್ಡವರದು. ಶಿಶುಗಳಿಗೆ ಫಾಸ್ಫರಸ್ ಅದಕ್ಕಿಂತ ಹೆಚ್ಚಿರಬೇಕು. ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೇಜಿನ ಗೆಳತಿಯರಿಗೂ ಕಾಲು ತೋರಿಸದ ನಾನು ಆ ಅತ್ತೆಯೆದುರು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದೆ. ಅತ್ತೆ ಹೊಲಿಗೆಯ ಗುರುತುಗಳನ್ನೇ ನೋಡುತ್ತಾ ನಿಂತರು. “ಕಾಲು ಮುಚ್ಚಿಕೋ ಮಗಾ,” ಎಂದರು. “ನಾಳೆಯೇ ಮಣಿಪಾಲಕ್ಕೆ ಹೋಗುವ.”

ಮಕ್ಕಳ ಮಿತಿಯಲ್ಲಿ ಅದು ಕಡಿಮೆಯೇ ಇತ್ತು. ಜೀನ್ ಪರೀಕ್ಷೆಯೂ ನಮ್ಮದೇ ಕಾಯಿಲೆ ಎಂದಿತು.

ಈಗ ಮಗು ಓಡುತ್ತಾಳೆ. ಎಲ್ಲರೂ ನನ್ನನ್ನು ಹೊಗಳುವಾಗ ನಾನು ಅವಳ ಮೊಣಕಾಲುಗಳ ನಡುವಿನ ಅಂತರ ಅಳೆಯುತ್ತಿರುತ್ತೇನೆ. ಅಂತರವೇ ಇಲ್ಲ.

“ಎಂತ ಅಷ್ಟು ನೋಡುವುದು?” ಎಂದು ಅಕ್ಕ ಇಂದು ಕೇಳಿದಳು.

“ನನಗೆ ಇವಳ ಮೇಲೆ ಹೊಟ್ಟೆಕಿಚ್ಚು,” ಎಂದೆ, ಮೊದಲ ಸಲ.

ಅಕ್ಕ ನಗಲಿಲ್ಲ. “ನನಗೆ ನಿನ್ನ ಮೇಲೆ,” ಎಂದಳು. “ತಾಯಿ ನಾನು. ಆದರೆ ನೋಡುವ ಧೈರ್ಯ ಬಂದದ್ದು ನಿನಗೆ.”

ಮಗು ನನ್ನತ್ತ ಕೈ ಚಾಚಿದಳು. “ಅಮ್ಮನ ಹತ್ತಿರ ಓಡು,” ಎಂದೆ. ಓಡಿದಳು. ಈ ಸಲ ನಾನು ಕಾಲುಗಳನ್ನಲ್ಲ, ಅಕ್ಕನ ಮುಖ ನೋಡುತ್ತಿದ್ದೆ.