ಹೆಸರು ಹಿಡಿದು ಬಡಿದದ್ದು

ನನ್ನ ಸಿಟ್ಟು ಹುಟ್ಟಿನಿಂದ ಬಂದದ್ದು. ಮದುವೆ ಅದಕ್ಕೆ ಸೌದೆ ಒಟ್ಟಿತು, ಅಷ್ಟೆ. ಅರವತ್ತನೇ ಇಸವಿಯ ಆಚೀಚೆ ನಾನು ಕಾಗಾಲಕ್ಕೆ ಸೊಸೆಯಾಗಿ ಬಂದೆ. ಗಂಡ ಅಘನಾಶಿನಿ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಅವನಷ್ಟು ತಾಳ್ಮೆಯವನು ಹೊಳೆಯಲ್ಲೇ ಇಲ್ಲ ಎಂದು ಊರು ಹೇಳುತ್ತಿತ್ತು. ಮನೆಯಲ್ಲಿ ಮಾತ್ರ ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ಕಡಿಮೆಯಾದರೂ ಹೊಡೆತ. ಸಂಜೆ ದೋಣಿ ದಡಕ್ಕೆ ಬರುವ ಹೊತ್ತಾದರೆ ಸಾರನ್ನು ಮತ್ತೆ ಮತ್ತೆ ರುಚಿ ನೋಡುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ತವರಿಗೆ ಹೋಗಿ ಅತ್ತರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಹೇಳಿ, ತಲೆಗೆ ಎಣ್ಣೆ ಹಚ್ಚಿ ವಾಪಸು ಕಳಿಸಿದರು.

ಇಂಥದಕ್ಕೆಲ್ಲ ಔಷಧಿ ಕೊಡುವವರು ಆಗ ಕುಮಟೆಯಲ್ಲೂ ಇರಲಿಲ್ಲ. ನಮಗಿದ್ದದ್ದು ಕತ್ತ ಬಡಿಯುವ ಅಂಗಳ. ತಿಂಗಳುಗಟ್ಟಲೆ ಹಿನ್ನೀರಿನ ಕೆಸರಲ್ಲಿ ಹೂತು ಕೊಳೆಸಿದ ತೆಂಗಿನ ಸಿಪ್ಪೆಯನ್ನು ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ನಾರು ಬಿಡಿಸುವ ಕೆಲಸ. ಅಂಗಳ ನೋಡಿಕೊಳ್ಳುತ್ತಿದ್ದವಳು ಒಬ್ಬ ವಿಧವೆ. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಲ್ಲೊಂದು ಪದ್ಧತಿಯಿತ್ತು. ಯಾರ ಮೇಲೆ ಹೊಟ್ಟೆ ಉರಿಯುತ್ತಿದೆಯೋ ಅವರ ಹೆಸರು ಹೇಳಿ ಸಿಪ್ಪೆಗೆ ಮೊದಲ ಪೆಟ್ಟು ಹಾಕಬೇಕು. ಅತ್ತೆಯಂದಿರು, ಓರಗಿತ್ತಿಯರು, ಅಳತೆಯಲ್ಲಿ ಮೋಸ ಮಾಡುವ ಅಂಗಡಿಯವನು, ಎಲ್ಲರೂ ದಿನಾ ಅಲ್ಲಿ ನುಚ್ಚುನೂರಾಗುತ್ತಿದ್ದರು. ಹೆಂಗಸರು ನಗುತ್ತಿದ್ದರು.

ನಾನು ಮೊದಲ ದಿನ ಬಾಯಿ ಬಿಡದೆ ಬಡಿದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಯಾರ ತಲೆ ಅಂತ ಹೇಳೇ, ತಂಗಿ. ಹೇಳ್ದೇ ಬಡಿದ್ರೆ ತೋಳು ನೋಯ್ತದೆ, ಸಿಟ್ಟು ಹೋಗೂದಿಲ್ಲ."

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಕಾಲ ಅದು. ಆಗಲಿ ಎಂದುಕೊಂಡು ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಸಿಪ್ಪೆಯಿಂದ ನಾರಿನ ಬದಲು ಹುಡಿ ಬಂತು. ಅವತ್ತು ರಾತ್ರಿ ಹೊಡೆತ ತಪ್ಪಲಿಲ್ಲ, ಆದರೆ ನಿದ್ದೆ ಬಂತು. ಮರುದಿನವೂ ಹೇಳಿದೆ. ಹಾಗೇ ಒಂದು ಮಳೆಗಾಲ ಬಂದುಹೋಯಿತು, ನಾನು ತಟ್ಟೆ ತುಂಬ ಉಣ್ಣತೊಡಗಿದೆ.

ಆಮೇಲೆ ನನ್ನ ನಾದಿನಿಯೂ ಅಂಗಳದ ಕೆಲಸಕ್ಕೆ ಸೇರಿದಳು. ಅವಳೆದುರು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಲಿಲ್ಲ. ನಾನು ಸಿಪ್ಪೆ ಜಜ್ಜಿದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅತ್ತಿಗೆಯ ಬಾಯಲ್ಲಿ ಅಣ್ಣನ ಹೆಸರು ಬಂತಲ್ಲ, ಅದನ್ನು ಕೇಳಿ ದಡಕ್ಕೆ ಓಡಿದಳು.

ಅವನು ಒದ್ದೆ ಪಂಚೆಯಲ್ಲೇ ಬಂದ. "ನನ್ನ ಹೆಸ್ರು ಹಿಡೀವಷ್ಟು ದೊಡ್ಡವಳಾದ್ಯಾ?" ಎಂದ. ಎಡಗೈಯಲ್ಲಿ ನನ್ನ ತುರುಬು ಹಿಡಿದು ಕಲ್ಲಿಗೆ ಒತ್ತಿ, ಬಲಗೈಯಿಂದ ಹೊಡೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಹೊಡೆದು ಹೊಡೆದು ಅವನಿಗೇ ದಣಿವಾಗಿ, ಉಸಿರು ಎಳೆದುಕೊಳ್ಳಲು ಬಲಗೈಯನ್ನು ಕಲ್ಲಿನ ಮೇಲೆ ಊರಿದ. ಕೊಡತಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅವನ ತಲೆ ಕೈಗೆಟುಕುವಷ್ಟು ಹತ್ತಿರ ಇತ್ತು. ಎಷ್ಟು ಬಲ ಹಾಕಬೇಕೆಂದು ತೋಳಿಗೆ ಗೊತ್ತಿತ್ತು, ವರ್ಷದಿಂದ ಅದನ್ನೇ ಕಲಿತಿತ್ತು. ಒಂದೇ ಪೆಟ್ಟಿಗೆ ಅವನು ಸಾಯುತ್ತಿದ್ದ, ನಾನು ಜೈಲಿಗೆ ಹೋಗುತ್ತಿದ್ದೆ. ಹೋದರೆ ಹೋದೆ ಎಂದು ಕೊಡತಿ ಎತ್ತಿದೆ.

ಅಕ್ಕ ನನ್ನನ್ನು ತಡೆಯಲಿಲ್ಲ. "ತಲೆ ಬೇಡ, ತಂಗಿ. ಕೈ," ಎಂದಳು.

ಅವನ ಹೆಸರು ಹೇಳಿ ಕೈಗೆ ಹಾಕಿದೆ. ಮಣಿಕಟ್ಟಿನ ಮೂಳೆ ಚಟ್ಟೆಂದಿತು. ಅವನು ಸಿಪ್ಪೆಯ ರಾಶಿಯ ಮೇಲೆ ಬಿದ್ದು ಎಮ್ಮೆಯ ಹಾಗೆ ಕೂಗಿದ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ?

ಮೂಳೆ ಕೂಡಿಸುವವರು ಬಿದಿರಿನ ಸೀಳು ಇಟ್ಟು ಕೈ ಕಟ್ಟಿದರು. ದೋಣಿಯಿಂದ ಜಾರಿ ಬಿದ್ದೆ ಎಂದು ಅವನು ಊರಿಗೆ ಹೇಳಿದ. ಹೆಂಡತಿ ಕೈಲಿ ಪೆಟ್ಟು ತಿಂದೆ ಎಂದು ಯಾವ ಗಂಡಸು ಹೇಳಿಯಾನು? ಎಡಗೈಯಲ್ಲಿ ಉಣ್ಣುವಂತಿಲ್ಲ. ನಾದಿನಿ ನನಗೆ ಹೆದರಿ ಒಲೆಯ ಹತ್ತಿರ ಬರುತ್ತಿರಲಿಲ್ಲ. ಹಾಗಾಗಿ ಗಂಜಿ ಉಣಿಸುವ ಪಾಳಿ ನನ್ನದೇ ಆಯಿತು.

ಒಂದು ಮಧ್ಯಾಹ್ನ ಅವನ ಗಲ್ಲಕ್ಕೆ ಅಗುಳು ಅಂಟಿತ್ತು. ಒರೆಸೋಣವೆಂದು ಕೈ ಎತ್ತಿದೆ. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಭುಜಗಳ ನಡುವೆ ಕತ್ತು ಹುದುಗಿಸಿ, ಉಸಿರು ಹಿಡಿದು ಕೂತುಬಿಟ್ಟ. ಮೂರು ವರ್ಷ ನಾನು ಕೂತದ್ದು ಹೀಗೆಯೇ. ಹೊರಗಿನಿಂದ ಅದು ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಯ್ಯೋ ಅನಿಸಿತು, ಅವನನ್ನು ಕಂಡಲ್ಲ. ಇದನ್ನು ದಿನಾ ನೋಡಿಯೂ ಅವನು ಕೈ ಇಳಿಸಿರಲಿಲ್ಲವಲ್ಲ ಎಂದು.

ನಾನು ಇಳಿಸಿದೆ.