ಸೇಸಪ್ಪ ಕಟ್ಟಿದ ಗಂಟು

ನನ್ನ ಗಂಡ ಸೇಸಪ್ಪ ದುಬೈ ಕ್ರೀಕಿನ ದಕ್ಕೆಯಲ್ಲಿ ಇಪ್ಪತ್ತೆರಡು ವರ್ಷ ಮಂಜಿಗಳಿಗೆ ಸರಕು ತುಂಬಿಸಿದರು. ಮಂಜಿ ಎಂದರೆ ಮರದ ಹಡಗು, ನಮ್ಮ ಊರು ಮಲ್ಪೆಯಲ್ಲೂ ಹಾಗೇ ಹೇಳುತ್ತೇವೆ. ಭಟ್ಕಳದ ಅಹ್ಮದ್ ಸಾಹೇಬರು ಸೊಮಾಲಿಯಕ್ಕೆ ಅಕ್ಕಿ, ಟಯರು, ಅಡುಗೆ ಎಣ್ಣೆ ಕಳಿಸುವವರು. ಇವರು ಅವರ ಮೇಸ್ತ್ರಿ. ಸರಕು ಹೊರುವವರು ಹತ್ತು ಜನ ಇದ್ದರೂ ಕೊನೆಯ ಗಂಟನ್ನು ಇವರೇ ಕಟ್ಟಬೇಕು. ಎಡಗೈಯವರು. ಇವರ ಗಂಟಿನ ಬಾಲ ಎಡಕ್ಕೆ ಬೀಳುತ್ತಿತ್ತು.

ನಾನು ಅಲ್ಲೇ ಸತ್ವಾ ಎಂಬ ಬಡಾವಣೆಯ ಒಂದು ಟೈಲರ್ ಅಂಗಡಿಗೆ ಹೊಲಿದು ಕೊಡುತ್ತಿದ್ದೆ. ಹಳೆಯ ವಿಲ್ಲಾದಲ್ಲಿ ನಮಗೊಂದು ಕೋಣೆ. ಅಡುಗೆಮನೆ ಆರು ಮನೆಯವರಿಗೆ ಒಂದೇ.

"ನಿನ್ನ ಹೊಲಿಗೆ ಬಿಚ್ಚಿದ್ರೆ ಒಂದು ರವಿಕೆ ಹೋಗ್ತದೆ ಮಾರಾಯ್ತಿ. ನನ್ನ ಗಂಟು ಬಿಚ್ಚಿದ್ರೆ ಹಡಗೇ ಹೋಗ್ತದೆ" ಎನ್ನುತ್ತಿದ್ದರು.

"ಮತ್ತೆ ನಿಮ್ಮ ಲುಂಗಿ ಯಾಕೆ ದಿನಾ ಬಿಚ್ಚುದು?" ಎನ್ನುತ್ತಿದ್ದೆ ನಾನು.

2014ರ ಮಾರ್ಚಿನಲ್ಲಿ ಎಣ್ಣೆ ಡ್ರಮ್ಮು ತುಂಬಿದ ಮಂಜಿಯೊಂದು ಹೊರಟಿತು. ಮೂರನೆಯ ದಿನ ದೊಡ್ಡ ಅಲೆ. ಮೇಲೆ ಕಟ್ಟಿದ್ದ ಡ್ರಮ್ಮುಗಳು ಉರುಳಿ ಕಡಲಿಗೆ ಬಿದ್ದವು. ಜೊತೆಗೆ ಹಡಗಿನ ಕೆಲಸದವ, ಕಚ್ಛಿನ ಒಬ್ಬ ಖಲಾಸಿಯೂ ಹೋದ. ಎರಡು ಮಕ್ಕಳ ತಂದೆ. ಹೆಣ ಸಿಗಲಿಲ್ಲ.

ಸರಕು ಹೋದದ್ದು ಯಾರ ತಪ್ಪಿನಿಂದ ಎಂದು ಕೇಸಾಯಿತು. ಕಟ್ಟಿದ್ದು ನಿಮ್ಮ ಮೇಸ್ತ್ರಿ, ಗಂಟು ಜಾರಿದೆ ಎಂದರು ಹಡಗಿನವರು. ಹಗ್ಗ ನಿಮ್ಮದು, ಅದೇ ಸರಿ ಇರಲಿಲ್ಲ ಎಂದರು ಸಾಹೇಬರು. ಇವರನ್ನು ಹಡಗಿನವರ ವಕೀಲರ ಆಫೀಸಿಗೆ ಕರೆಸಿದರು. ನಿನ್ನ ಗಂಟು ಜಾರಿಲ್ಲ ಎಂದು ಆಣೆ ಹಾಕುತ್ತೀಯಾ ಎಂದು ಕೇಳಿದರಂತೆ.

"ನಾನು ಕಟ್ಟಿದ್ದು ದಕ್ಕೆಯಲ್ಲಿ. ಕಡಲಲ್ಲಿ ಎಂತ ಆಯ್ತು ಅಂತ ನಾನು ಕಾಣ್ಲಿಲ್ಲ. ಕಾಣದ್ದಕ್ಕೆ ಆಣೆ ಹಾಕುದಿಲ್ಲ" ಎಂದು ಇವರು ಹೇಳಿದರು.

ನಮ್ಮಲ್ಲಿ ಕಡಲಿಗೆ ಹೋಗುವವರು ಯಾರೂ ಹಾಗೆ ಆಣೆ ಹಾಕುವುದಿಲ್ಲ. ದೈವಕ್ಕೆ ಹೆದರುತ್ತಾರೆ. ಆದರೆ ಅಲ್ಲಿ ಬರೆದುಕೊಂಡದ್ದು ಬೇರೆ. ಗಂಟು ಜಾರಿರಬಹುದೆಂದು ಮೇಸ್ತ್ರಿ ಒಪ್ಪಿದ್ದಾನೆ ಎಂದು ಬರೆದರು. ಇವರಿಗೆ ಓದಲು ಬಾರದ ಅರಬಿ, ಅದರ ಕೆಳಗೆ ಇವರ ಸಹಿ.

ಆಮೇಲೆ ಇವರು ಗಂಟು ಕಟ್ಟುವುದನ್ನೇ ಬಿಟ್ಟರು. ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿದ್ದಾಗಲೂ "ನೀನೇ ಕಟ್ಟು" ಎಂದರು. ಸತ್ತವನ ಮಕ್ಕಳಿಗೆ ಈಗ ಎಷ್ಟು ವಯಸ್ಸಿರಬಹುದು ಎಂದು ಊಟದ ನಡುವೆ ಕೇಳುತ್ತಿದ್ದರು. ನನಗೆ ಹೇಗೆ ಗೊತ್ತು?

ಒಂದು ಶುಕ್ರವಾರ ಬಂಗುಡೆ ಕೊಯ್ಯುತ್ತಾ ನಾನು ಬಾಯಿ ಬಿಟ್ಟೆ. "ನಿಜ ಹೇಳಿ. ಆ ದಿನ ಸರಿ ಕಟ್ಟಿದ್ರಾ?"

ಅವರು ನನ್ನ ಮುಖ ನೋಡಿದರು. "ನೀನೂ ಕೇಳಿದೆಯಾ" ಎಂದರು. ಅಷ್ಟೇ. ಆ ದಿನ ಸಾರು ಮುಟ್ಟಲಿಲ್ಲ.

ನಾಲ್ಕು ತಿಂಗಳ ಮೇಲೆ ಸತ್ವಾದ ಬಸ್‌ಸ್ಟಾಪಿನಲ್ಲಿ ಕುಳಿತಲ್ಲೇ ಹೋದರು. ಹೃದಯ ನಿಂತಿತು ಎಂದರು ಡಾಕ್ಟರು.

ಕೇಸು ನಿಲ್ಲಲಿಲ್ಲ. ಒಂದು ದಿನ ಅಹ್ಮದ್ ಸಾಹೇಬರು ಒಂದು ಫೋಟೋ ಹಿಡಿದುಕೊಂಡು ಬಂದರು. ಮಂಜಿ ವಾಪಸು ಬಂದಾಗ ನಷ್ಟ ನೋಡಲು ಬಂದ ಸರ್ವೆಯವರು ತೆಗೆದದ್ದು. ಖಾಲಿ ಡೆಕ್ಕು, ಮೂಲೆಯ ಗೂಟದಲ್ಲಿ ನೀಲಿ ಹಗ್ಗದ ತುಂಡು.

"ಅಕ್ಕ, ಈ ಗಂಟು ಸೇಸಪ್ಪಣ್ಣಂದಾ? ನಿಮಗೆ ಗುರ್ತ ಸಿಕ್ತದಾ?"

ಮಗಳು ಯಶ್ಮಿತಾ ಅಬುಧಾಬಿಯಿಂದ ಬಂದಿದ್ದಳು. ನನ್ನ ಕಿವಿಯ ಹತ್ತಿರ "ಅಲ್ಲ ಅಂತ ಹೇಳಮ್ಮಾ, ಪ್ಲೀಸ್" ಎಂದಳು.

ಫೋಟೋ ನೋಡಿದೆ. ಬಾಲ ಎಡಕ್ಕೆ ಬಿದ್ದಿತ್ತು.

"ಅವರದ್ದೇ" ಎಂದೆ. ಯಶ್ಮಿತಾ ಮುಖ ಮುಚ್ಚಿಕೊಂಡಳು. ನಾನು ಇನ್ನೊಮ್ಮೆ ನೋಡಿದೆ. "ಸಾಹೇಬ್ರೆ, ಗಂಟು ಹಾಗೇ ಉಂಟಲ್ಲ. ಬಿಚ್ಚಿದ್ದು ಎಲ್ಲಿ?"

"ಅಂದ್ರೆ?"

"ಗಂಟು ಜಾರಿದ್ರೆ ಗಂಟೇ ಇರ್ಲಿಕ್ಕಿಲ್ಲ. ಇಲ್ಲಿ ಗಂಟು ಗಟ್ಟಿ ಉಂಟು, ಅದರ ಆಚೆ ಹಗ್ಗ ತುಂಡಾಗಿದೆ. ತುದಿ ನೋಡಿ, ಪೊರಕೆ ಹಾಗೆ ಬಿರಿದಿದೆ. ಹೊರಗೆ ಬಣ್ಣ, ಒಳಗೆ ಹುಡಿ. ಹಗ್ಗವೇ ಹಾಳಾದದ್ದು."

ಸಾಹೇಬರು ನನ್ನ ಹೊಲಿಗೆ ಮಿಶನ್ನಿನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಈ ಫೋಟೋ ಮೊದಲಿಂದ ಫೈಲಲ್ಲೇ ಇತ್ತು ಅಕ್ಕ. ಖಾಲಿ ಡೆಕ್ಕು ತೋರಿಸ್ಲಿಕ್ಕೆ ಅಂತ ಇಟ್ಟದ್ದು. ಮೂಲೆ ಯಾರೂ ನೋಡ್ಲಿಲ್ಲ."

ಆಮೇಲೆ ಹಗ್ಗದ ವಿಷಯ ತಿಳಿದವರು ಆ ಫೋಟೋ ಪರೀಕ್ಷೆ ಮಾಡಿದರು. 2016ರಲ್ಲಿ ತೀರ್ಪು ಬಂತು. ಸಾಹೇಬರು ಫೋನು ಮಾಡಿದರು. "ನಮ್ಮ ಕಡೆ ಆಯ್ತು ಅಕ್ಕ. ಖಲಾಸ್."

"ಅದರಲ್ಲಿ ಇವರ ಹೆಸರು ಉಂಟಾ?"

ಸಾಹೇಬರು ಕಾಗದ ತಿರುವುವ ಸದ್ದು ಕೇಳಿಸಿತು. "ಹೆಸರಿಲ್ಲ. ಕಟ್ಟಿದವನ ತಪ್ಪಿಲ್ಲ ಅಂತ ಉಂಟು."

ಅದಕ್ಕೇ ಹೆಸರನ್ನು ನಾನು ಇಲ್ಲಿ ಬರೆದೆ. ಸೇಸಪ್ಪ.

ಅವರು ಒಬ್ಬನನ್ನು ಕೊಂದೆ ಎಂದುಕೊಂಡೇ ಹೋದರು. ನಾನು ಮಲ್ಪೆಯಲ್ಲಿ ಅಪ್ಪನ ಜೊತೆ ಕುಳಿತು ಬಲೆ ಕಟ್ಟಿದವಳು. ಹಗ್ಗ ನೋಡಿದರೆ ಹೇಳಬಲ್ಲೆ. ಆ ಶುಕ್ರವಾರ ಅವರನ್ನು ಕೇಳುವ ಬದಲು ಸಾಹೇಬರ ಹತ್ತಿರ ಹೋಗಿ, ಹಗ್ಗದ ಫೋಟೋ ಏನಾದರೂ ಉಂಟಾ ಎಂದು ಕೇಳಬಹುದಿತ್ತು.